ಮೂರು ಲಕ್ಷ ಐತಿ, ಸೋಲಾರ್ ಕಂಪನಿ ಶೇರ್ ತಗೋಬೇಕಾ ಬ್ಯಾಡಾ? ನಮ್ಮ ಭಾಗದವರು ಸ್ವಲ್ಪ ಹೇಳ್ರಿ

ಗಂಗಾವತಿ_ಭತ್ತ

ಎಲ್ರಿಗೂ ನಮಸ್ಕಾರ. ಬ್ಯಾಸಗಿ ಭತ್ತ ಮಾರಿದ ರೊಕ್ಕ, ಮತ್ತ ಮುದ್ದತಿ ಮುಗಿದ ಒಂದು ಎಫ್‌ಡಿ, ಎರಡೂ ಸೇರಿ ಮೂರು ಲಕ್ಷದ ಹತ್ರ ಕೈಯಾಗ ಐತಿ. ಬೆಂಗಳೂರಾಗ ಇರೋ ನಮ್ಮ ಅಕ್ಕನ ಮಗ ದಿನಾ ಫೋನ್ ಮಾಡಿ ಮಾವ ಸೋಲಾರ್ ಶೇರ್ ತಗೋ, ಇನ್ನ ಹತ್ತು ವರ್ಷ ಅದ್ರದ್ದೇ ರಾಜ್ಯ ಅಂತಾನ. ಇತ್ಲಾಗ ಕನಕಗಿರಿ ಕಡೆ ನಮ್ಮದು ಎಂಟು ಎಕರೆ ಮಳಿ ಆಶ್ರಯದ ಹೊಲ ಐತಿ, ಅದನ್ನ ಲೀಜಿಗೆ ಕೊಡ್ತೀರೇನು ಪ್ಯಾನಲ್ ಹಾಕ್ತೀವಿ ಅಂತ ಏಜೆಂಟ್ ಒಬ್ಬ ಬಂದು ಕುಂತಿದ್ದ. ಎಲ್ಲಿ ನೋಡಿದ್ರೂ ಸೋಲಾರ್ ಸೋಲಾರ್. ನನಗ ಶೇರ್ ಮಾರ್ಕೆಟ್ ಅಂದ್ರ ಎಲ್ಐಸಿ ಶೇರ್ ಒಂದೇ ಗೊತ್ತು. ಈ ಬಿಸಿಲಿನ ಕರೆಂಟಿಗೆ ನಿಜವಾಗ್ಲೂ ಮುಂದ ಭವಿಷ್ಯ ಐತೇನು, ಇದ್ರ ಯಾವ ಕಂಪನಿ, ಇಲ್ಲಾಂದ್ರ ಸುಮ್ನ ಮನಿ ಮ್ಯಾಲ ಪ್ಯಾನಲ್ ಹಾಕಿಸ್ಕೊಂಡ್ರ ಚಲೋನಾ, ತಿಳಿದವರು ಹೇಳ್ರಿ.

ಡಿಮ್ಯಾಟ್_ಹುಲಿ

ಅಣ್ಣ ನಿಮ್ಮ ಅಕ್ಕನ ಮಗ ಕರೆಕ್ಟಾಗೇ ಹೇಳ್ತಿದಾನೆ. ಪ್ಯಾನಲ್ ಮಾಡೋ ವಾರೀ ಎನರ್ಜೀಸ್ 2024 ಅಕ್ಟೋಬರ್ ಐಪಿಒ (ಕಂಪನಿ ಮೊದಲ ಸಲ ಜನಕ್ಕೆ ಶೇರ್ ಮಾರೋದು), 1503ಕ್ಕೆ ಕೊಟ್ರು, ಲಿಸ್ಟ್ ಆಗಿದ್ದೇ 2500ಕ್ಕೆ. ಪ್ರೀಮಿಯರ್ ಎನರ್ಜೀಸ್ 450ದ್ದು ಮೊದಲನೇ ದಿನಾನೇ 990. ಇರೇಡಾ 32 ರೂಪಾಯಿಗೆ ಬಂದಿದ್ದು ಒಂದು ವರ್ಷ ಆಗೋದ್ರೊಳಗೆ 300 ದಾಟ್ತು. 2025 ಜನವರಿಗೆ ದೇಶದಲ್ಲಿ ಸೋಲಾರ್ 100 ಗಿಗಾವ್ಯಾಟ್ ಆಯ್ತು, 2030ಕ್ಕೆ ಕಲ್ಲಿದ್ದಲು, ಗ್ಯಾಸ್, ಡೀಸೆಲ್ ಬಿಟ್ಟು ಉಳಿದಿದ್ದೆಲ್ಲಾ ಸೇರಿ 500 ಗಿಗಾವ್ಯಾಟ್ ಅಂತ ಸರ್ಕಾರಾನೇ ಗುರಿ ಇಟ್ಕೊಂಡಿದೆ. ಸರ್ಕಾರಾನೇ ಹಿಂದೆ ನಿಂತಿರೋ ಸೆಕ್ಟರ್ ಗುರು, ಕಣ್ಣು ಮುಚ್ಕೊಂಡು ತಗೊಂಡು ಹತ್ತು ವರ್ಷ ಮರ್ತುಬಿಡಿ.

ಬಳ್ಳಾರಿ_ಲೆಕ್ಕ

ಹುಲಿಯಪ್ಪ, ಐಪಿಒ ರೇಟ್ ಹೇಳಿದ್ರಿ ಸರಿ, ಅಲಾಟ್‌ಮೆಂಟ್ ಎಷ್ಟು ಜನಕ್ಕೆ ಸಿಕ್ತು ಅನ್ನೋದೂ ಹೇಳಿ. ವಾರೀದು ಒಂದು ಲಾಟ್ ಅಂದ್ರೆ 9 ಶೇರು, 13,527 ರೂಪಾಯಿ, ಅದು ಸಿಕ್ಕಿದವ್ರಿಗೆ ಲಾಟರಿ ಹೊಡೆದಂಗೆ. ಸಿಗದೇ ಇರೋವ್ರು ಮಾರ್ಕೆಟ್‌ನಲ್ಲಿ ತಗೊಂಡಿದ್ದು ಯಾವ ರೇಟಿಗೆ? ಇರೇಡಾ 300ಕ್ಕೆ ಹೋದಾಗ ನಮ್ಮ ಆಫೀಸ್ ಕೆಳಗಿನ ಚಹಾ ಅಂಗಡಿಯಲ್ಲೂ ಅದೇ ಮಾತು, 2025 ಮಾರ್ಚ್ ಹೊತ್ತಿಗೆ 150ರ ಕೆಳಗೆ ಬಂತು, ಆವಾಗ ಚಹಾ ಅಂಗಡಿಯಲ್ಲಿ ಬರೀ ಕ್ರಿಕೆಟ್ ಮಾತು. ಕಂಪನಿ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಸಾಲ ಕೊಡೋ ಸರ್ಕಾರಿ ಕಂಪನಿ ಅದು, ವ್ಯವಹಾರ ನಡೀತಾ ಇದೆ. ರೇಟು ಜಾಸ್ತಿ ಆಗಿತ್ತು ಅಷ್ಟೆ.

ಭತ್ತದಣ್ಣ, ಒಂದು ವಿಷಯ ಬೇರೆ ಬೇರೆ ಮಾಡಿ ನೋಡಿ. ಸೋಲಾರ್ ಬೆಳೆಯುತ್ತಾ ಅನ್ನೋದು ಒಂದು ಪ್ರಶ್ನೆ, ಸೋಲಾರ್ ಕಂಪನಿ ಶೇರುದಾರನಿಗೆ ದುಡ್ಡು ಉಳಿಯುತ್ತಾ ಅನ್ನೋದು ಇನ್ನೊಂದು ಪ್ರಶ್ನೆ. ಮೊದಲನೇದಕ್ಕೆ ಉತ್ತರ ಹೌದು, ಅದ್ರಲ್ಲಿ ಎರಡು ಮಾತಿಲ್ಲ. ಎರಡನೇದಕ್ಕೆ ಪಕ್ಕದ ಕರ್ನೂಲು ನೋಡಿ. 2015 ನವೆಂಬರ್‌ನಲ್ಲಿ ಅಲ್ಲಿನ ಸೋಲಾರ್ ಪಾರ್ಕಿನ 500 ಮೆಗಾವ್ಯಾಟ್ ಹರಾಜಿಗೆ ಅಮೆರಿಕದ ಸನ್‌ಎಡಿಸನ್ ಬಂದು ಯೂನಿಟ್ 4 ರೂಪಾಯಿ 63 ಪೈಸೆಗೆ ಕೂಗಿ ಗೆದ್ದುಕೊಂಡ್ತು, ಅಲ್ಲಿವರೆಗೆ ಅಷ್ಟು ಕಡಿಮೆ ರೇಟು ದೇಶದಲ್ಲೇ ಯಾರೂ ಕೂಗಿರಲಿಲ್ಲ, ಪೇಪರಲ್ಲೆಲ್ಲಾ ಅದೇ ಸುದ್ದಿ. 2016 ಏಪ್ರಿಲ್‌ಗೆ ಆ ಕಂಪನಿ ದಿವಾಳಿ. ಇಲ್ಲಿನ ಆಸ್ತಿ ಎಲ್ಲಾ ಗ್ರೀನ್‌ಕೋ ತಗೊಂಡ್ತು. ಇವತ್ತು ಹೋಗಿ ನೋಡಿದ್ರೆ ಪ್ಯಾನಲ್ ಇದಾವೆ, ಕರೆಂಟ್ ಬರ್ತಾ ಇದೆ, ಬಿಸಿಲು ಯಾರಿಗೂ ಮೋಸ ಮಾಡಿಲ್ಲ, ಶೇರ್ ಇಟ್ಕೊಂಡಿದ್ದವ್ರ ದುಡ್ಡು ಮಾತ್ರ ಇಲ್ಲ.

ತೋರಣಗಲ್_ಲೋಡ್

ಲೆಕ್ಕದಣ್ಣ ಹೇಳಿದ್ದು ನಮ್ಮ ಬಳ್ಳಾರಿಯವ್ರಿಗೆ ಬ್ಯಾರೆ ಹೇಳಬೇಕಾ. 2008ರ ಹೊತ್ತಿಗೆ ಚೀನಾದಾಗ ಒಲಿಂಪಿಕ್ಸು, ಅದಿರಿಗೆ ರೇಟೇ ರೇಟು, ಸಂಡೂರು ಹೊಸಪೇಟೆ ರೋಡಿನಾಗ ಲಾರಿ ಬಿಟ್ರ ಬ್ಯಾರೆ ಏನೂ ಕಾಣ್ತಿರ್ಲಿಲ್ಲ, ಹೊಲ ಇದ್ದವ್ರು ಹೊಲ ಅಡಾ ಇಟ್ಟು ಲಾರಿ ತಗೊಂಡ್ರು. ಅದಿರಿಗೆ ಬೇಡಿಕೆ ಇದ್ದದ್ದು ಸುಳ್ಳಾ? ಖರೇನೇ ಇತ್ತು. 2011ರ ಜುಲೈನಾಗ ಸುಪ್ರೀಂ ಕೋರ್ಟು ಗಣಿ ನಿಲ್ಸಿತು, ಲಾರಿ ಮನಿ ಮುಂದ ನಿಂತ್ವು, ಕಂತು ಮಾತ್ರ ನಿಲ್ಲಲಿಲ್ಲ. ಅದಿರು ಇವತ್ತಿಗೂ ಹೋಗಾಕತ್ತೈತಿ, ಆ ಲಾರಿ ಮಾಲೀಕರು ಎಲ್ಲಿ ಅದಾರ ಹೇಳ್ರಿ? ಎಲ್ಲಾರೂ ಒಂದೇ ಸಲ ಒಂದೇ ಧಂದೆಗೆ ಇಳಿದ್ರ ಬಾಡಿಗಿ ಕಮ್ಮಿ ಆಗೇ ಆಕ್ಕೈತಿ. ಪ್ಯಾನಲ್ ಫ್ಯಾಕ್ಟ್ರಿನೂ ಹಂಗ.

ಡಿಮ್ಯಾಟ್_ಹುಲಿ

ಎಲ್ಲಾದ್ಕೂ ಗಣಿ ಕಥೆ ತರೋದು ಬಿಡಿ ಸಾರ್ 😄 ಆಗ ಕಾನೂನು ಮುರಿದು ನಡೀತಿತ್ತು ಅದಕ್ಕೆ ನಿಲ್ಸಿದ್ರು. ಇಲ್ಲಿ ಸರ್ಕಾರ ಚೀನಾ ಮಾಲು ಬರಬಾರ್ದು ಅಂತ ಗೋಡೆ ಕಟ್ಟಿಟ್ಟಿದೆ. 2022 ಏಪ್ರಿಲ್‌ನಿಂದ ಮಾಡ್ಯೂಲ್ (ಅಂದ್ರೆ ಪ್ಯಾನಲ್) ಮೇಲೆ 40 ಪರ್ಸೆಂಟ್ ಸುಂಕ ಹಾಕಿದ್ರು, ಅದ್ರ ಜೊತೆಗೆ ಎಎಲ್‌ಎಂಎಂ ಅಂತ ಸರ್ಕಾರ ಒಪ್ಪಿದ ಕಂಪನಿಗಳ ಪಟ್ಟಿ ಮಾಡಿ ಅದ್ರಲ್ಲಿ ಇರೋ ಕಂಪನಿ ಮಾಲೇ ಸರ್ಕಾರಿ ಪ್ರಾಜೆಕ್ಟಿಗೆ ಹಾಕ್ಬೇಕು ಅಂದ್ರು. ಇಷ್ಟು ರಕ್ಷಣೆ ಬೇರೆ ಯಾವ ಸೆಕ್ಟರಿಗಿದೆ?

ಬಳ್ಳಾರಿ_ಲೆಕ್ಕ

ಅದೇ ಗೋಡೆ ನೋಡೇ ಎಲ್ರೂ ಒಳಗೆ ನುಗ್ಗಿದ್ದು. 2025 ಆಗಸ್ಟ್‌ಗೆ ಆ ಪಟ್ಟಿಯಲ್ಲಿರೋ ಮಾಡ್ಯೂಲ್ ಫ್ಯಾಕ್ಟರಿಗಳ ಸಾಮರ್ಥ್ಯ ವರ್ಷಕ್ಕೆ 100 ಗಿಗಾವ್ಯಾಟ್ ಮುಟ್ಟಿದೆ. 2024ರಲ್ಲಿ ದೇಶದಲ್ಲಿ ಹೊಸದಾಗಿ ಹಾಕಿದ್ದು ಅದ್ರ ಕಾಲು ಭಾಗ, ಮುಂದೆ ಜಾಸ್ತಿ ಆಗುತ್ತೆ ಅಂತ ಇಟ್ಕೊಂಡ್ರೂ ಅಷ್ಟು ಮಾಲು ಎಲ್ಲಿಗೆ ಹೋಗಬೇಕು? ಅಮೆರಿಕಕ್ಕೆ ಕಳಿಸ್ತಿದ್ರು, ಮಾರ್ಜಿನ್ ಚೆನ್ನಾಗಿದ್ದಿದ್ದೂ ಅಲ್ಲೇ. 2025 ಆಗಸ್ಟ್‌ನಲ್ಲಿ ಅಲ್ಲಿ ನಮ್ಮ ಮಾಲಿಗೆ 50 ಪರ್ಸೆಂಟ್ ಸುಂಕ ಹೊಡೆದ್ರು, ಒಂದು ಸಹಿಯಲ್ಲಿ ಲೆಕ್ಕ ಉಲ್ಟಾ. ಸುಂಕ ಏರುತ್ತೆ ಇಳಿಯುತ್ತೆ, ಆದ್ರೆ ಒಬ್ಬ ಗಿರಾಕಿ ಮೇಲೆ ನಿಂತಿರೋ ಲಾಭಕ್ಕೆ ಎಷ್ಟು ಬೆಲೆ ಕೊಡಬೇಕು ಅನ್ನೋದು ನೀವೇ ಯೋಚ್ನೆ ಮಾಡಿ.

ಈಗ ನಿಜವಾದ ಪೈಪೋಟಿ ಮಾಡ್ಯೂಲ್ ಅಲ್ಲ, ಸೆಲ್, ಅಂದ್ರೆ ಒಳಗೆ ಬೆಳಕನ್ನ ಕರೆಂಟ್ ಮಾಡೋ ಬಿಲ್ಲೆ. ಮಾಡ್ಯೂಲ್ ಅಂದ್ರೆ ಸೆಲ್ ತಂದು ಸಾಲಾಗಿ ಬೆಸುಗೆ ಹಾಕಿ ಗಾಜು ಫ್ರೇಮ್ ಕೂರಿಸೋದು, ಅದಕ್ಕೆ ಫ್ಯಾಕ್ಟರಿ ಹಾಕೋದು ಅಷ್ಟು ಕಷ್ಟ ಇಲ್ಲ. ಸೆಲ್ ಮಾಡೋದಕ್ಕೆ ದುಡ್ಡೂ ಬೇಕು ಕೈಗುಣನೂ ಬೇಕು. ಸೆಲ್‌ಗೂ ಅದೇ ಥರ ಪಟ್ಟಿ, 2026 ಜೂನ್ 1 ಅದ್ರ ಗಡುವು. ಹಂಗಾಗಿ ಯಾವ ಕಂಪನಿ ಆದ್ರೂ ಸರಿ ಮೊದಲು ಕೇಳಬೇಕಾದ್ದು, ಸೆಲ್ ಸ್ವಂತದ್ದಾ ಕೊಂಡು ತರೋದಾ.

ಮತ್ತೆ ಹೊಸ ಸೆಕ್ಟರ್ ಅಂತ ಅಂದ್ಕೋಬೇಡಿ. ಇಂಡೋಸೋಲಾರ್ ಅಂತ ಒಂದಿತ್ತು, 2010ರಲ್ಲಿ 29 ರೂಪಾಯಿಗೆ ಐಪಿಒ, ಸೆಲ್ಲೇ ಮಾಡ್ತಿದ್ರು, ಚೀನಾ ರೇಟಿಗೆ ತಡ್ಕೊಳ್ಳೋಕಾಗ್ದೆ ದಿವಾಳಿ ಕೋರ್ಟಿಗೆ ಹೋಯ್ತು, ಕೊನೆಗೆ ಅದನ್ನ ತಗೊಂಡಿದ್ದು ಇದೇ ವಾರೀ. ಮೋಸರ್ ಬೇರ್ ಸಿಡಿ ಮಾಡ್ತಿದ್ದವ್ರು ಸೋಲಾರ್‌ಗೂ ಕೈ ಹಾಕಿದ್ರು, 2018ರಲ್ಲಿ ಮುಚ್ಚೋಕೆ ಆರ್ಡರ್ ಆಯ್ತು. ಚೀನಾದಲ್ಲೇ ಜಗತ್ತಿಗೆ ನಂಬರ್ ಒನ್ ಆಗಿದ್ದ ಸನ್‌ಟೆಕ್ 2013ರಲ್ಲಿ ಸಾಲ ಕಟ್ಟೋಕಾಗ್ದೆ ಕೂತ್ಕೊಂಡ್ತು. ಪ್ಯಾನಲ್ ಅಗ್ಗ ಆಗ್ತಾ ಹೋಗಿದ್ದಕ್ಕೇ ಸೋಲಾರ್ ಗೆದ್ದಿದ್ದು, ಅಗ್ಗ ಆಗ್ತಾ ಹೋಗಿದ್ದಕ್ಕೇ ಮಾಡೋವ್ರು ಸತ್ತಿದ್ದು.

ಕುಷ್ಟಗಿ_ಗಾಳಿ

ಸುಜ್ಲಾನ್ ಮರೀಬ್ಯಾಡ್ರಿ. ಅದು ಗಾಳಿದು, ಸೋಲಾರ್ ಅಲ್ಲ, ಆದ್ರ ಕಥಿ ಅದೇ. 2008ರಾಗ ನೂರಾರು ರೂಪಾಯಿ ಇದ್ದದ್ದು 2020ರಾಗ ಎರಡು ರೂಪಾಯಿ. ಅದೇ ಟೈಮಿನಾಗ ನಮ್ಮೂರ ಸುತ್ತ ಫ್ಯಾನ್ ಮಾತ್ರ ಹೆಚ್ಗೊಂತನ ಹೋದ್ವು.

ಕುಡತಿನಿ_ಶಿಫ್ಟ್

ನಾನು ಥರ್ಮಲ್ ಕಡೆಯವನು, ಆದ್ರೂ ಸೋಲಾರ್ ಮ್ಯಾಲ ಸಿಟ್ಟಿಲ್ಲ, ಇರೋ ವಿಷಯ ಹೇಳ್ತೀನಿ. ನಮ್ಮ ಕುಡತಿನಿ 1700 ಮೆಗಾವ್ಯಾಟ್, ರಾಯಚೂರು ಶಕ್ತಿನಗರ 1720, ಯರಮರಸ್ 1600. ಮೊದಲು ಹಗಲು ರಾತ್ರಿ ಒಂದೇ ಲೋಡು. ಈಗ ಬೆಳಿಗ್ಗೆ ಹತ್ತು ಆತು ಅಂದ್ರ ಪಾವಗಡ ಕಡೆದು ಎಲ್ಲಾ ಕಡೆದು ಸೋಲಾರ್ ಗ್ರಿಡ್ಡಿಗೆ ಬರ್ತೈತಿ, ನಮಗ ಲೋಡ್ ಇಳಿಸ್ರಿ ಅಂತ ಮೆಸೇಜು. ಇಳಿಸೋದಕ್ಕೂ ಮಿತಿ ಐತಿ, 55 ಪರ್ಸೆಂಟ್ ಕೆಳಗ ಬಾಯ್ಲರ್ ಹಿಡ್ಕೊಂಡು ನಿಲ್ಲೋದು ಕಷ್ಟ, ಉರಿ ನಿಲ್ಲಾಕ ಎಣ್ಣಿ ಬಿಡಬೇಕಾಕ್ಕೈತಿ. ಸಂಜಿ ಆರಕ್ಕ ಸೂರ್ಯ ಮುಳುಗಿದ ಕೂಡ್ಲೇ ಏರಿಸ್ರಿ ಏರಿಸ್ರಿ ಅಂತ ಗದ್ದಲ. ದಿನಾ ಹಿಂಗ ಏರಿಳಿತ ಮಾಡಿದ್ರ ಪೈಪು ಟ್ಯೂಬು ಏನಾಗಬೇಕು.

ಶೇರಿಗೂ ಇದಕ್ಕೂ ಏನ್ ಸಂಬಂಧ ಅಂದ್ರ, ಮಧ್ಯಾಹ್ನದ ಕರೆಂಟಿಗೆ ಬೆಲಿ ಕಮ್ಮಿ ಆಕ್ಕೋಂತ ಹೊಂಟೈತಿ. ಮಧ್ಯಾಹ್ನ ಜಾಸ್ತಿ ಆದಾಗ ಸೋಲಾರ್‌ನೇ ನಿಲ್ಸ್ರಿ ಅಂತ ಹೇಳೋದು ರಾಜಸ್ಥಾನದಾಗ ಜೋರು ನಡೆದೈತಿ, ನಮ್ಮ ರಾಜ್ಯದಾಗೂ ಆಗೈತಿ. ಹರಾಜಿನಾಗ ಗೆದ್ದು, ಕರೆಂಟ್ ಕೊಳ್ಳಾಕ ರಾಜ್ಯಗಳು ಸಹಿ ಹಾಕದ ಬಿದ್ದಿರೋ ಪ್ರಾಜೆಕ್ಟು 2025ರಾಗ 40 ಗಿಗಾವ್ಯಾಟ್ ಮ್ಯಾಲ ಇದ್ವು. ರಾಜ್ಯಗಳು ಕೇಳೋದು ಒಂದೇ ಮಾತು, ಸಂಜಿಗೆ ಕೊಡ್ತೀರೇನು? ಅದಕ್ಕ ಈಗಿನ ಟೆಂಡರಿನಾಗ ಬ್ಯಾಟ್ರಿ ಜೋಡ್ಸೇ ಕೇಳಾಕತ್ತಾರ. ಆಂಧ್ರದ ನಂದ್ಯಾಲ ಜಿಲ್ಲಾದ ಪಿನ್ನಾಪುರಂನಾಗ 1680 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಐತಲ್ಲ, ಮಧ್ಯಾಹ್ನ ಸೋಲಾರ್ ಕರೆಂಟಿನ್ಯಾಗ ನೀರು ಮ್ಯಾಲಿನ ಕೆರಿಗೆ ಏರ್ಸೋದು, ಸಂಜಿ ಕೆಳಗ ಬಿಟ್ಟು ಟರ್ಬೈನ್ ತಿರುಗ್ಸೋದು. ನನ್ನ ಕೇಳಿದ್ರ ಬರೀ ಪ್ಯಾನಲ್ ಇದ್ದ ಕಂಪನಿಗಿಂತ ಸಂಜಿ ಕರೆಂಟ್ ಕೊಡೋ ತಾಕತ್ ಇದ್ದ ಕಂಪನಿ ನೋಡ್ರಿ, ಮತ್ತ ತಂತಿ ಎಳೆಯೋ ಕಂಪನಿ ನೋಡ್ರಿ. ಸೋಲಾರ್ ಬರ್ಲಿ ಗಾಳಿ ಬರ್ಲಿ ಬ್ಯಾಟ್ರಿ ಬರ್ಲಿ, ತಂತಿ ಬೇಕೇ ಬೇಕು.

ಬಿಸಿಲೂರು_ರಾಯಚೂರು

ಒಂದು ಮಾತು ನಡುವ ಹೇಳ್ತೀನಿ. ನಮ್ಮ ಕಡೆ ಎಲ್ಲಾರೂ ರಾಯಚೂರು ಬಿಸಿಲಿಗೆ ಪ್ಯಾನಲ್ ಹಾಕಿದ್ರ ಕರೆಂಟ್ ಉಕ್ಕಿ ಬರ್ತದ ಅಂತಾರ. ಪ್ಯಾನಲ್‌ಗೆ ಬೇಕಾಗಿದ್ದು ಬೆಳಕು, ಕಾವು ಅಲ್ಲ. ಪ್ಯಾನಲ್ ಮ್ಯಾಲ ಬರೆದ ವ್ಯಾಟ್ ಏನದ, ಅದು ಸೆಲ್ 25 ಡಿಗ್ರಿ ಇದ್ದಾಗಿನ ಲೆಕ್ಕ. ಮೇ ತಿಂಗಳದಾಗ ಹೊರಗ 42 ಇದ್ದಾಗ ಆರ್‌ಸಿಸಿ ಮಾಳಗಿ ಮ್ಯಾಲ ಸೆಲ್ ಕಾವು 65 ದಾಟ್ತದ. 25ರ ಮ್ಯಾಲ ಒಂದೊಂದು ಡಿಗ್ರಿಗೆ 0.3ರಿಂದ 0.4 ಪರ್ಸೆಂಟ್ ಇಳಿತದ, ಹಂಗಂದ್ರ ಅಲ್ಲೇ 12ರಿಂದ 16 ಪರ್ಸೆಂಟ್ ಹೋತು. ಅದಕ್ಕ ಪ್ಯಾನಲ್ ಕೆಳಗ ಗಾಳಿ ಆಡಂಗ ಸ್ಟ್ಯಾಂಡ್ ಎತ್ರಕ್ಕ ಕಟ್ಟಿಸ್ಬೇಕು, ತಗಡಿಗೆ ಅಂಟಿಸಿ ಕೂರಿಸ್ತೀನಿ ಅನ್ನೋ ಮಂದಿನ್ನ ಮನಿಗೆ ಕರೀಬ್ಯಾಡ್ರಿ. ಮಳಿಗಾಲ ಸ್ವಲ್ಪ ಕಮ್ಮಿ ಆದ್ರೂ ವರ್ಷಾ ಪೂರ್ತಿ ಸರಾಸರಿ ಹಿಡಿದ್ರ ಒಂದು ಕಿಲೋವ್ಯಾಟಿಗೆ ದಿನಕ್ಕ ನಾಕು ಯೂನಿಟ್ ಅಂತ ಇಟ್ಕೋರಿ. ಐದೂವರಿ ಆರು ಅಂತ ಯಾರರ ಕಾಗದದ ಮ್ಯಾಲ ಬರ್ಕೊಟ್ರ ನಕ್ಕು ಚಹಾ ಕುಡಿಸಿ ಕಳಿಸ್ರಿ.

ಕಾರಟಗಿ_ಮಿಲ್

ರಾಯಚೂರಿನವ್ರು ಕಾವು ಹೇಳಿದ್ರು, ನಾ ಧೂಳಿಂದು ಹೇಳ್ತೀನಿ. ನಮ್ಮ ರೈಸ್ ಮಿಲ್ ತಗಡಿನ ಮ್ಯಾಲ ಹಾಕ್ಸೀವಿ. ಬಾಯ್ಲರಿಗೆ ಉಮ್ಮಿ ಉರಿಸ್ತೀವಿ, ಅದರ ಬೂದಿ ಹಾರಿ ಬಂದು ಪ್ಯಾನಲ್ ಮ್ಯಾಲ ತೆಳ್ಳಗ ಕುಂದರ್ತೈತಿ, ಬೆರಳು ಎಳೆದ್ರ ಗೆರಿ ಬೀಳ್ತೈತಿ. ಬರೀ ಬೂದಿ ಇದ್ರ ಗಾಳಿಗೆ ಹೋಗ್ತಿತ್ತು, ಬೆಳಗಿನ ಮಂಜು ಬಿದ್ದು ಕೆಳಗಿನ ಅಂಚಿನಾಗ ಕೆಸರಿನಂಗ ಗಟ್ಟಿ ಆಕ್ಕೈತಿ, ಆ ಒಂದು ಪಟ್ಟಿ ನೆರಳಿಗೆ ಆ ಸಾಲಿನ ಸೆಲ್ಲೆಲ್ಲಾ ಕೆಲ್ಸ ಕಮ್ಮಿ ಮಾಡ್ತಾವ. ತೊಳಿಯೋದು ಸೂರ್ಯ ಏರೋಕಿಂತ ಮೊದ್ಲ, ಸುಡೋ ಗಾಜಿಗೆ ಮಧ್ಯಾಹ್ನ ತಣ್ಣೀರು ಹಾಕಿದ್ರ ಬಿರುಕು ಬೀಳೋ ಭಯ. ಬೋರಿನ ನೀರು ಹಾಕಿದ್ರ ಬಿಳಿ ಕಲಿ ಉಳೀತೈತಿ, ಅದನ್ನ ಕೆರ್ಯಾಕ ಹೋಗಿ ಗಾಜು ಗೀಚಿದ್ರ ಮುಗೀತು, ಕಾಲುವಿ ನೀರು ಸೋಸಿ ಹಾಕಾಕತ್ತೀವಿ. ಕೊಪ್ಪಳದ ಸ್ಪಾಂಜ್ ಐರನ್ ಫ್ಯಾಕ್ಟ್ರಿ ಬಾಜು ಇದ್ದವ್ರದ್ದು ನಮಗಿಂತ ಕಷ್ಟ, ಅದು ಎಣ್ಣಿ ಜಿಗಟಿನ ಕರಿ ಧೂಳು.

ಇಷ್ಟೆಲ್ಲಾ ಇದ್ರೂ ಮಿಲ್ಲಿಗೆ ಇದು ಲಾಭನೇ, ಮಿಲ್ ನಡಿಯೋ ಟೈಮೂ ಬಿಸಿಲಿನ ಟೈಮೂ ಒಂದೇ. ಆದಾಯ ತೆರಿಗ್ಯಾಗ ವರ್ಷಕ್ಕ 40 ಪರ್ಸೆಂಟ್ ಸವಕಳಿ ತೋರ್ಸಬಹುದು. ಆದ್ರ ಫಿಕ್ಸೆಡ್ ಚಾರ್ಜ್ ಒಂದು ರೂಪಾಯಿ ಕಮ್ಮಿ ಆಗಂಗಿಲ್ಲ, ಯೂನಿಟ್ ಚಾರ್ಜ್ ಅಷ್ಟೇ ಉಳಿಯೋದು, ಲೆಕ್ಕ ಹಾಕುವಾಗ ಬಿಲ್ಲಿನ ಆ ಎರಡು ಸಾಲು ಬ್ಯಾರೆ ಬ್ಯಾರೆ ನೋಡ್ರಿ. ಮಾರಾಕ ಬರೋವ್ರು ಪೂರ್ತಿ ಬಿಲ್ಲನ್ನ ಯೂನಿಟ್ಟಿಗೆ ಭಾಗಿಸಿ ತೋರಿಸ್ತಾರ.

ಗಂಗಾವತಿ_ಭತ್ತ

ಇಷ್ಟು ವಿಷಯ ಬರ್ತೈತಿ ಅಂತ ಅಂದ್ಕೊಂಡಿರ್ಲಿಲ್ಲ. ನಮ್ಮದು ಮಿಲ್ ಇಲ್ರಿ, ಮನಿ ಒಂದ. ಗೃಹಜ್ಯೋತಿ ಐತಿ, ಬಿಲ್ ಸೊನ್ನಿ ಬರ್ತೈತಿ.

ಕಾರಟಗಿ_ಮಿಲ್

ಬಿಲ್ ಸೊನ್ನಿ ಇದ್ರ ಪ್ಯಾನಲ್ ಹಾಕಿಸಿ ಉಳಿಸೋದು ಏನು? ಸದ್ಯ ಬ್ಯಾಡ. ಪಿಎಂ ಸೂರ್ಯಘರ್‌ನಾಗ 3 ಕಿಲೋವ್ಯಾಟಿಗೆ 78 ಸಾವಿರ ಸಬ್ಸಿಡಿ ಕೊಡ್ತಾರ, ಪ್ಯಾನಲ್ ಜಿಎಸ್‌ಟಿನೂ 2025 ಸೆಪ್ಟೆಂಬರಿನಿಂದ 12ರಿಂದ 5ಕ್ಕ ಇಳಿಸ್ಯಾರ, ಎಲ್ಲಾ ಖರೆ. ಆದ್ರ ಅದು ತಿಂಗಳಾ ಬಿಲ್ ಕಟ್ಟೋವ್ರಿಗೆ, ಎರಡು ಎಸಿ ಇದ್ದವ್ರಿಗೆ. ನಮ್ಮ ರಾಜ್ಯದಾಗ ಮನಿ ಮ್ಯಾಲಿನ ಸೋಲಾರ್ ಗುಜರಾತಿನಷ್ಟು ಓಡದೇ ಇರಾಕ ಈ 200 ಯೂನಿಟ್ಟೂ ಒಂದು ಕಾರಣ ಅಂತ ನನ್ನ ಅನಿಸಿಕಿ.

ಲಾಭ_ದಿನನಿತ್ಯ

[ಈ ಸಂದೇಶವನ್ನು ತೆಗೆಯಲಾಗಿದೆ]

ತೋರಣಗಲ್_ಲೋಡ್

ತೆಗೆದದ್ದು ಚಲೋ ಆತು. ಸೋಲಾರ್ ಪ್ಲೇಟ್ ಬಾಡಿಗಿಗೆ ತಗೋರಿ, ದಿನಾ ಮೂರು ಪರ್ಸೆಂಟ್ ಖಾತೆಗೆ ಬರ್ತೈತಿ ಅಂತ ಆ್ಯಪ್ ಲಿಂಕ್ ಹಾಕಿದ್ದ. ಯಾರೂ ಒತ್ತಬ್ಯಾಡ್ರಿ. ಮೊದಲ ವಾರ ರೊಕ್ಕ ಬರ್ತಾವ, ನೆಂಟರನ್ನೆಲ್ಲಾ ಸೇರಿಸಿದ ಮ್ಯಾಲ ಆ್ಯಪೇ ಇರಂಗಿಲ್ಲ.

ಡಿಮ್ಯಾಟ್_ಹುಲಿ

ಸರಿ ನಾನೂ ಸ್ವಲ್ಪ ಇಳಿತೀನಿ. ಆದ್ರೆ ಲೆಕ್ಕದಣ್ಣ, ಎಲ್ಲಾ ಬೇಡ ಬೇಡ ಅಂದ್ರೆ ಭತ್ತದಣ್ಣ ಮತ್ತೆ ಎಫ್‌ಡಿಗೇ ಹೋಗ್ಬೇಕಾ? ನೀವು ತಗೊಳ್ಳೋದಾದ್ರೆ ಏನು ತಗೋತೀರಾ ಅದು ಹೇಳಿ.

ಬಳ್ಳಾರಿ_ಲೆಕ್ಕ

ಒಂದೇ ಕಂಪನಿ ಹೆಸರು ಹೇಳಲ್ಲ, ಅವ್ರ ದುಡ್ಡು ಅದು, ಹೆಂಗೆ ನೋಡ್ತೀನಿ ಅನ್ನೋದು ಹೇಳ್ತೀನಿ. ಪ್ಯಾನಲ್ ಮಾಡೋವ್ರದ್ದು ಫ್ಯಾಕ್ಟರಿ ಲಾಭ, ಏರಿಳಿತ ಜೋರು. ಪ್ಲಾಂಟ್ ಹಾಕಿ ಕರೆಂಟ್ ಮಾರೋವ್ರದ್ದು 25 ವರ್ಷದ ಒಪ್ಪಂದ, ಆದಾಯ ಗೊತ್ತಿರುತ್ತೆ, ಆದ್ರೆ ಮೈತುಂಬಾ ಸಾಲ, ಬಡ್ಡಿ ಅರ್ಧ ಪರ್ಸೆಂಟ್ ಆ ಕಡೆ ಈ ಕಡೆ ಆದ್ರೆ ಲಾಭ ಹೋಯ್ತು. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2 ರೂಪಾಯಿ 44 ಪೈಸೆಗೆ ಕೂಗಿದ್ರು, 2020 ಡಿಸೆಂಬರ್‌ನಲ್ಲಿ ಗುಜರಾತ್ ಹರಾಜಲ್ಲಿ 1 ರೂಪಾಯಿ 99 ಪೈಸೆ. ಅಷ್ಟು ಕಡಿಮೆಗೆ ಕೂಗಿದವ್ರ ಬ್ಯಾಲೆನ್ಸ್ ಶೀಟಲ್ಲಿ ನಾನು ಮೊದಲು ತೆಗೆಯೋ ಪುಟ ಸಾಲದ್ದು, ಎರಡನೇದು ಎಸ್ಕಾಂಗಳಿಂದ ಬರಬೇಕಾದ ಬಾಕಿ. ಎನ್‌ಟಿಪಿಸಿ ಗ್ರೀನ್ 2024 ನವೆಂಬರ್‌ನಲ್ಲಿ 108ಕ್ಕೆ ಬಂತು, ಹತ್ತು ಸಾವಿರ ಕೋಟಿ ಐಪಿಒ, ಹಿಂದೆ ಸರ್ಕಾರಿ ಕಂಪನಿ ಇದೆ ಅಂತ ಸಾಲ ಅಗ್ಗಕ್ಕೆ ಸಿಗುತ್ತೆ, ಆದ್ರೂ ಬೆಲೆ ನೋಡದೆ ತಗೊಂಡ್ರೆ ಅದ್ರಲ್ಲೂ ಕಾಯ್ಬೇಕು. ಶಿಫ್ಟಿನವ್ರು ತಂತಿ ಅಂದ್ರಲ್ಲ, ಆ ಕಡೆ ಪವರ್‌ಗ್ರಿಡ್ ಇನ್‌ವಿಟ್, ಇಂಡಿಗ್ರಿಡ್ ಅಂತ ಕರೆಂಟ್ ಲೈನ್ ಇಟ್ಕೊಂಡಿರೋ ಟ್ರಸ್ಟ್ ಇದಾವೆ, ಬಾಡಿಗೆ ಮನೆ ಥರ ಮೂರು ತಿಂಗಳಿಗೊಂದು ಸಲ ದುಡ್ಡು ಹಂಚ್ತಾರೆ, ದುಪ್ಪಟ್ಟು ಆಗೋ ಆಸೆ ಬೇಡ.

ಮೂರು ಲಕ್ಷದಲ್ಲಿ ಮೂರೂ ಇದಕ್ಕೇ ಹಾಕೋದು ನನಗೆ ಒಪ್ಪಿಗೆ ಇಲ್ಲ. ಮುಂದಿನ ಬೆಳೆ ಗೊಬ್ಬರ, ಆಳಿನ ಖರ್ಚು ತೆಗೆದಿಡಿ. 2024 ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕಿತ್ಕೊಂಡು ಹೋದಾಗ ಬೆಳೆ ಏನಾಗುತ್ತೋ ಅಂತ ನಿದ್ದೆ ಇಲ್ದೆ ಕೂತಿದ್ದು ನೀವೇ ಅಲ್ವಾ. ಅಂಥ ವರ್ಷ ಶೇರೂ ಬಿದ್ದಿದ್ರೆ ನಷ್ಟಕ್ಕೆ ಮಾರಿ ಗೊಬ್ಬರ ತರಬೇಕಾಗುತ್ತೆ. ಉಳಿದಿದ್ದರಲ್ಲಿ ಅರ್ಧ ಇಂಡೆಕ್ಸ್ ಫಂಡ್ (ಬಹಳ ಕಂಪನಿ ಶೇರು ಒಟ್ಟಿಗೆ ಸೇರಿರೋದು), ಸೋಲಾರ್ ಆಸೆಗೆ ಒಂದು ನಲವತ್ತು ಐವತ್ತು ಸಾವಿರ, ಅದೂ ಒಂದೇ ದಿನ ಅಲ್ಲ, ಬೀಳೋ ದಿನಗಳಲ್ಲಿ ಸ್ವಲ್ಪ ಸ್ವಲ್ಪ. ವರ್ಷದೊಳಗೆ ಮಾರಿದ್ರೆ ಲಾಭಕ್ಕೆ 20 ಪರ್ಸೆಂಟ್ ತೆರಿಗೆ, ವರ್ಷ ದಾಟಿದ್ರೆ ಒಂದೂಕಾಲು ಲಕ್ಷದ ಮೇಲಿನ ಲಾಭಕ್ಕೆ 12.5.

ಗಂಗಾವತಿ_ಭತ್ತ

ಇದು ತಿಳೀತು. ಐವತ್ತು ಸಾವಿರ ಅಂದ್ರ ಮನಿಯಾಗೂ ಬೈಸ್ಕೊಳ್ಳೋದು ಕಮ್ಮಿ. ಹೊಲದ ಲೀಜಿಂದು ಯಾರೂ ಹೇಳಲಿಲ್ಲ, ಏಜೆಂಟ್ ಮತ್ತ ಸೋಮವಾರ ಬರ್ತೀನಿ ಅಂದಾನ, ಇಂಗ್ಲೀಷಿನ ಕಾಗದ ಕೊಟ್ಟಾನ.

ಕುಷ್ಟಗಿ_ಗಾಳಿ

ಇದನ್ನ ನಾ ಹೇಳ್ತೀನಿ, ನಮ್ಮ ಕಡೆ ದಿನಾ ಇದೇ ನಡೆದೈತಿ. ಮೊದಲು ರೇಟಿಗೆ ಒಂದು ಅಳತಿ ಇಟ್ಕೋರಿ. ಪಾವಗಡದಾಗ 13 ಸಾವಿರ ಎಕರೆ ರೈತರಿಂದ ಕೊಳ್ಳದನೇ ಲೀಜಿಗೆ ತಗೊಂಡ್ರು, ಎಕರೆಗೆ ವರ್ಷಕ್ಕ 21 ಸಾವಿರ, ಎರಡು ವರ್ಷಕ್ಕೊಮ್ಮೆ 5 ಪರ್ಸೆಂಟ್ ಏರಿಕಿ. ಅದು ಸುಮಾರು ಹತ್ತು ವರ್ಷದ ಹಿಂದಿನ ರೇಟು, ನಿಮ್ಮ ಏಜೆಂಟ್ ಅದಕ್ಕಿಂತ ಕಮ್ಮಿ ಹೇಳಿದ್ರ ಚಹಾ ಸೈತ ಕೊಡಬ್ಯಾಡ್ರಿ. ಅಲ್ಲಿ ಹೊಲ ಇದ್ದವ್ರಿಗೆ ವರ್ಷಾ ರೊಕ್ಕ ಬಂತು, ಹೊಲ ಇಲ್ದ ಕೂಲಿಗೆ ಹೋಗ್ತಿದ್ದವ್ರಿಗೆ ಕೂಲಿ ಹೋತು, ಕುರಿ ಮೇಯ್ಸೋರಿಗೆ ಬೇಲಿ ಅಡ್ಡ ಬಂತು, ಅದೂ ನೆನಪಿರ್ಲಿ.

ಸ್ವಂತ ಪ್ಲಾಂಟ್ ಹಾಕ್ರಿ, ಸರ್ಕಾರ ಕೊಳ್ತೈತಿ ಅಂತ ಯಾರರ ಅಂದ್ರ ಹಳೇದು ಒಂದು ಕೇಳ್ರಿ. 2014ರ ನೀತಿಯಾಗ ರೈತರು ತಮ್ಮ ಹೊಲದಾಗ 1ರಿಂದ 3 ಮೆಗಾವ್ಯಾಟ್ ಹಾಕಿದ್ರ ಯೂನಿಟ್ಟಿಗೆ 8 ರೂಪಾಯಿ 40 ಪೈಸಾ ಅಂದ್ರು. ಭೂಪರಿವರ್ತನಿ, ಲೈನು ಅಂತ ತಡ ಆದವ್ರಿಗೆ ಆಮ್ಯಾಲ 4 ರೂಪಾಯಿ 36 ಪೈಸಾ ಅಷ್ಟ ಅಂತ ಆತು, ಸಾಲ ಮಾಡಿದವ್ರು ಕೋರ್ಟಿಗೆ ಅಲೆದ್ರು.

ಈಗ ನಿಮ್ಮ ಕಾಗದ. ಕನ್ನಡದಾಗ ಬರ್ಕೊಂಡು ಬಾ ಅನ್ರಿ, ಆಮ್ಯಾಲ ಮಾತು. ಲೀಜ್ ನೋಂದಣಿ ಆಗಬೇಕು, ಬರೀ ಬಾಂಡ್ ಪೇಪರ್ ನಡಿಯಂಗಿಲ್ಲ. ಕಂಪನಿಯವ್ರು ನಿಮ್ಮ ಹೊಲಾನೇ ಬ್ಯಾಂಕಿಗೆ ಅಡಾ ಇಡೋ ಹಕ್ಕು ಬರ್ಕೊಂಡಾರೇನು ನೋಡ್ರಿ, ಅವರ ಪ್ಯಾನಲ್ ಇಡ್ಲಿ, ನಿಮ್ಮ ಭೂಮಿ ಇಡಬಾರ್ದು. ಕಂಪನಿ ಬ್ಯಾರೆಯವ್ರಿಗೆ ಮಾರಿದ್ರ ಬಾಡಿಗಿ ಯಾರು ಕೊಡ್ತಾರ, ಮೇಲೆ ಹೇಳಿದ ಸನ್‌ಎಡಿಸನ್ ಥರ ದಿವಾಳಿ ಆದ್ರ ಏನು, ಅದು ಬರೆದಿರ್ಬೇಕು. ಮುದ್ದತಿ ಮುಗಿದ ಮ್ಯಾಲ ನೆಲದಾಗಿನ ಕಾಂಕ್ರೀಟು ಕೇಬಲ್ಲು ತೆಗೆದು ಕೊಡೋ ಖರ್ಚು ಅವರದ್ದು ಅಂತ ಒಂದು ಸಾಲು. ಮೂರು ವರ್ಷ ಕೆಲಸಾನೇ ಚಾಲೂ ಮಾಡದ ಇದ್ರ ಲೀಜ್ ರದ್ದು ಅಂತ ಒಂದು ಸಾಲು, ಕೆಲವ್ರು ಹೊಲ ಹಿಡಿದಿಟ್ಕೊಂಡು ದೊಡ್ಡ ಕಂಪನಿಗೆ ಮಾರಾಕ ಕುಂದರ್ತಾರ. ಹಿಂದಿನ ಹೊಲದವ್ರಿಗೆ ಬಂಡಿ ದಾರಿ ಬಿಟ್ಟಾರೇನು ನಕ್ಷಾದಾಗ ನೋಡ್ರಿ, ಇಲ್ಲಾಂದ್ರ ಜಗಳ ಕಂಪನಿ ಜೋಡಿ ಆಗಂಗಿಲ್ಲ, ನಿಮ್ಮ ಜೋಡೀನೇ. ಪಹಣ್ಯಾಗ ಅಣ್ಣ ತಮ್ಮಂದಿರು, ಅಕ್ಕ ತಂಗ್ಯಾರ ಹೆಸರು ಐತೇನು? ಬೆಳಿ ಸಾಲ ಐತೇನು?

ಗಂಗಾವತಿ_ಭತ್ತ

ಅಕ್ಕನ ಹೆಸರು ಐತ್ರಿ. ಆ ಶೇರ್ ಹೇಳೋ ಹುಡುಗನ ತಾಯಿನೇ.

ಕುಷ್ಟಗಿ_ಗಾಳಿ

ಹಂಗಾರ ಸೋಮವಾರ ಏಜೆಂಟ್ ಬರೋದ್ರೊಳಗ ಆಕೀಗೆ ಫೋನ್ ಹಚ್ರಿ, ಆಕಿ ಸಹಿ ಇಲ್ದ ನೋಂದಣಿ ಮಾಡ್ಸಿದ್ರ ನಾಳೆ ಅದೇ ಕೋರ್ಟಿಗೆ ಹೋಗ್ತೈತಿ. ಕಾಗದದ ಫೋಟೋ ಇಲ್ಲಿ ಹಾಕ್ರಿ, ಸರ್ವೆ ನಂಬರು ಹೆಸರು ಮುಚ್ಚಿ ಹಾಕ್ರಿ, ಓದಿ ಹೇಳ್ತೀವಿ.